ಡೈಕ್ಲೋಫೆನಾಕ್ ಮಾತ್ರೆ ನುಂಗುವ ಮುನ್ನ ತಿಳಿದಿರಬೇಕಾದ ಯಕೃತ್ತಿನ ಲೆಕ್ಕ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ವಿರಾಜಪೇಟೆ, ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಸೊಂಟ, ಮೊಣಕಾಲು ಹಿಡಿದುಕೊಂಡವರು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಗಳಲ್ಲಿ ಡೈಕ್ಲೋಫೆನಾಕ್ ಒಂದು. ಅದನ್ನು ಎಷ್ಟು ಹೊತ್ತಿಗೊಮ್ಮೆ, ಯಾವುದರ ಜೊತೆ ತೆಗೆದುಕೊಳ್ಳಬಾರದು ಎಂಬುದು ದೇಹ ಅದನ್ನು ಕರಗಿಸಿ ಹೊರಹಾಕುವ ರೀತಿಯಿಂದಲೇ ತಿಳಿಯುತ್ತದೆ.

ಕರುಳು ಹೀರಿಕೊಂಡ ಔಷಧಿ ಮೊದಲು ಯಕೃತ್ತಿಗೆ ಹೋಗುವುದರಿಂದ, ನುಂಗಿದ್ದರಲ್ಲಿ ಸುಮಾರು ಅರ್ಧ ಭಾಗ ಮಾತ್ರ ಬದಲಾಗದೆ ರಕ್ತವನ್ನು ಸೇರುತ್ತದೆ. ಯಕೃತ್ತಿನಲ್ಲಿ ಸಿವೈಪಿ2ಸಿ9 ಎಂಬ ಕಿಣ್ವ (ರಾಸಾಯನಿಕ ಬದಲಾವಣೆಗೆ ವೇಗ ಕೊಡುವ ಪ್ರೋಟೀನ್) ಔಷಧಿಯ ಅಣುವಿಗೆ ಒಂದು ಹೈಡ್ರಾಕ್ಸಿಲ್ ಗುಂಪನ್ನು, ಅಂದರೆ ಆಮ್ಲಜನಕ ಮತ್ತು ಜಲಜನಕದ ಜೋಡಿಯನ್ನು, ಸೇರಿಸುತ್ತದೆ. ಸಿವೈಪಿ3ಎ4 ಬೇರೊಂದು ಜಾಗದಲ್ಲಿ ಅದೇ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಯುಜಿಟಿ2ಬಿ7 ಎಂಬ ಮತ್ತೊಂದು ಕಿಣ್ವ ಗ್ಲುಕುರೋನಿಕ್ ಆಮ್ಲವನ್ನು ಜೋಡಿಸಿ ಅಣುವನ್ನು ನೀರಿನಲ್ಲಿ ಕರಗುವಂತೆ ಮಾಡಿದ ಮೇಲೆ, ಬಹುಪಾಲು ಮೂತ್ರದಲ್ಲೂ ಉಳಿದದ್ದು ಪಿತ್ತರಸದಲ್ಲೂ ಹೊರಹೋಗುತ್ತದೆ. ರಕ್ತದಲ್ಲಿರುವ ಔಷಧಿ ಸುಮಾರು 2 ಗಂಟೆಯಲ್ಲಿ ಅರ್ಧಕ್ಕಿಳಿದರೂ ಕೀಲಿನ ದ್ರವದಲ್ಲಿ ಅದಕ್ಕೆ 3ರಿಂದ 6 ಗಂಟೆ ಬೇಕು. ಆದ್ದರಿಂದ ಬೆಳಗಿನ ಮಾತ್ರೆಯ ಬಲ ಇಳಿಯಿತೆಂದು ತೋಟದಲ್ಲೇ ಇನ್ನೊಂದನ್ನು ನುಂಗುವುದಕ್ಕೆ ಅರ್ಥವಿಲ್ಲ. ವಯಸ್ಕರಿಗೆ ದಿನದ ಮಿತಿ ಸಾಮಾನ್ಯವಾಗಿ 150 ಮಿಲಿಗ್ರಾಂ. ವೈದ್ಯರು ಇದಕ್ಕಿಂತ ಕಡಿಮೆ ಹೇಳಿದ್ದರೆ ಅದೇ ಮಿತಿ.

ಇಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕಾದ ವಿಷಯ ಸಿವೈಪಿ2ಸಿ9 ಕಿಣ್ವದ್ದೇ. ಮಳೆಗಾಲದಲ್ಲಿ ಕೆಸರಿನಲ್ಲಿ ನಿಂತು ಕಾಲ್ಬೆರಳ ಸಂದಿಗೆ ಹತ್ತಿದ ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್ ಈ ಕಿಣ್ವವನ್ನು ತಡೆಯುವುದರಿಂದ, ಅದರ ಜೊತೆಗೆ ನುಂಗಿದ ಡೈಕ್ಲೋಫೆನಾಕ್ ರಕ್ತದಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಉಳಿಯಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧವಾಗಿ ಕಿಣ್ವದ ಪ್ರಮಾಣವನ್ನೇ ಹೆಚ್ಚಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಕೂಡ ಇದೇ ಕಿಣ್ವದಿಂದ ಕರಗುವಂಥದು. ಆದರೆ ಅದನ್ನು ಡೈಕ್ಲೋಫೆನಾಕ್ ಜೊತೆ ತೆಗೆದುಕೊಂಡರೆ ದೊಡ್ಡ ಅಪಾಯ ಹೊಟ್ಟೆಯೊಳಗಿನ ರಕ್ತಸ್ರಾವ. ಕೆಲವರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ನಿಧಾನವಾಗಿರುತ್ತದೆ, ಅದು ಹೊರಗೆ ಕಾಣುವುದಿಲ್ಲ. ಹಾಗಾಗಿ ಔಷಧಿ ಕೇಳುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ತೋರಿಸುವುದು ಒಳ್ಳೆಯದು. ಅಸಿಕ್ಲೋಫೆನಾಕ್ ಬೇರೆ ಹೆಸರಿನದ್ದಾದರೂ ಇದರ ನಂಟನೇ ಆದ್ದರಿಂದ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು.

ಹೊರಪದರವಿರುವ ಮಾತ್ರೆಯನ್ನು ಮುರಿಯಬೇಡಿ, ಊಟವಾದ ಮೇಲೆ ನೀರಿನೊಂದಿಗೆ ನುಂಗಿ. ಪುತ್ತರಿಯ ಸಂಜೆಯಾದರೂ ಸರಿ, ಮದ್ಯದ ಜೊತೆ ಬೇಡ. ಬಿಸಿಲಲ್ಲಿ ನೀರು ಕುಡಿಯದೆ ದುಡಿದವರ ಮೂತ್ರಪಿಂಡಕ್ಕೂ, ಮೊದಲೇ ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದವರಿಗೂ, ಗರ್ಭಿಣಿಯರಿಗೂ, ಹೊಟ್ಟೆಹುಣ್ಣು ಇದ್ದವರಿಗೂ ವೈದ್ಯರನ್ನು ಕೇಳದೆ ಇದು ಸಲ್ಲದು. ಮಲ ಕಪ್ಪಾದರೆ, ಮೂತ್ರ ಕಡಿಮೆಯಾದರೆ ಅಥವಾ ಕಣ್ಣು ಹಳದಿಯಾದರೆ ಮಾತ್ರೆಯನ್ನು ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ.