ವಾಚಿನ ಹೆಜ್ಜೆ ಕ್ಯಾಲೊರಿ ಆ್ಯಪ್‌ಗೆ ಬರುತ್ತಿಲ್ಲವೇ?

ವಾಚಿನಲ್ಲಿ 8,000 ಹೆಜ್ಜೆ. ಕ್ಯಾಲೊರಿ ಲೆಕ್ಕ ಇಡುವ ಆ್ಯಪ್ ತೆರೆದರೆ ಸೊನ್ನೆ. ಆಗ ಬಹಳ ಜನ ಆ್ಯಪ್ ಕಿತ್ತುಹಾಕಿ ಮತ್ತೆ ಹಾಕಿಕೊಳ್ಳುತ್ತಾರೆ. ಅಷ್ಟು ಕಷ್ಟ ಬೇಡ. ಹೆಜ್ಜೆಯ ಲೆಕ್ಕ ಯಾವ ದಾರಿಯಲ್ಲಿ ಬರುತ್ತದೆ ಎಂದು ಗೊತ್ತಿದ್ದರೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದೂ ಬೇಗ ಗೊತ್ತಾಗುತ್ತದೆ.

ಲೆಕ್ಕ ಮೊದಲು ವಾಚಿನಿಂದ ಬ್ಲೂಟೂತ್ ಮೂಲಕ ವಾಚ್ ಕಂಪನಿಯ ಆ್ಯಪ್‌ಗೆ ಬರುತ್ತದೆ. ಅಲ್ಲಿಂದ ಫೋನಿನ ಆರೋಗ್ಯ ಮಾಹಿತಿ ಕೂಡಿಡುವ ಜಾಗಕ್ಕೆ ಹೋಗುತ್ತದೆ. ಆಂಡ್ರಾಯ್ಡ್‌ನಲ್ಲಿ ಅದರ ಹೆಸರು ಹೆಲ್ತ್ ಕನೆಕ್ಟ್, ಐಫೋನಿನಲ್ಲಿ ಹೆಲ್ತ್. ಕ್ಯಾಲೊರಿ ಆ್ಯಪ್ ಅಲ್ಲಿಂದ ಓದಿಕೊಳ್ಳುತ್ತದೆ. ಗಾರ್ಮಿನ್, ಫಿಟ್‌ಬಿಟ್ ತರಹದ ಕೆಲವು ಕಂಪನಿಗಳ ವಾಚುಗಳನ್ನು ಮೈಫಿಟ್ನೆಸ್‌ಪಾಲ್ ಎಂಬ ಕ್ಯಾಲೊರಿ ಆ್ಯಪ್‌ಗೆ ನೇರವಾಗಿಯೂ ಜೋಡಿಸಬಹುದು. ಆಪಲ್ ವಾಚ್ ಆದರೆ ಹೆಜ್ಜೆ ಸೀದಾ ಹೆಲ್ತ್‌ಗೇ ಬಂದು ಬೀಳುತ್ತದೆ.

ಹಾಗಾಗಿ ಮೊದಲು ವಾಚ್ ಕಂಪನಿಯ ಆ್ಯಪ್ ತೆರೆಯಿರಿ. ಪರದೆಯನ್ನು ಕೆಳಕ್ಕೆ ಎಳೆದು ಸಿಂಕ್ ಮಾಡಿ. ವಾಚಿನಲ್ಲಿರುವ ಸಂಖ್ಯೆ ಇಲ್ಲೇ ಕಾಣದಿದ್ದರೆ ತೊಂದರೆ ಬ್ಲೂಟೂತ್‌ನದ್ದು. ಮುಂದಿನದ್ದನ್ನು ಮುಟ್ಟಲೇ ಬೇಡಿ.

ಸಂಖ್ಯೆ ಬಂದಿದ್ದರೆ, ಆಂಡ್ರಾಯ್ಡ್ ಫೋನಿನಲ್ಲಿ ಅದೇ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಹೆಲ್ತ್ ಕನೆಕ್ಟ್ ಹುಡುಕಿ ಆನ್ ಮಾಡಿ. ಆಂಡ್ರಾಯ್ಡ್ 14ರಿಂದ ಇದು ಫೋನಿನಲ್ಲೇ ಇರುತ್ತದೆ. ಫೋನಿನ ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ ಹೆಸರು ಬರೆದರೆ ಸಾಕು. ಅದಕ್ಕಿಂತ ಹಳೆಯ ಫೋನಾದರೆ ಪ್ಲೇ ಸ್ಟೋರ್‌ನಿಂದ ಹಾಕಿಕೊಳ್ಳಬೇಕು.

ಇಲ್ಲಿ ಎರಡು ಬಗೆಯ ಅನುಮತಿ ಇದೆ, ಹೆಚ್ಚಿನವರು ಎಡವುವುದೂ ಇಲ್ಲೇ. ವಾಚ್ ಆ್ಯಪ್‌ಗೆ ಹೆಜ್ಜೆಗಳನ್ನು 'ಬರೆಯುವ' ಅನುಮತಿ ಬೇಕು. ಕ್ಯಾಲೊರಿ ಆ್ಯಪ್‌ಗೆ ಅವನ್ನು 'ಓದುವ' ಅನುಮತಿ ಬೇಕು. ಒಂದು ಕೊಟ್ಟು ಇನ್ನೊಂದು ಮರೆತರೆ ಏನೂ ಬರುವುದಿಲ್ಲ, ತಪ್ಪಾಗಿದೆ ಎಂಬ ಸೂಚನೆಯೂ ಸಾಮಾನ್ಯವಾಗಿ ಕಾಣುವುದಿಲ್ಲ. 'ಎಲ್ಲವನ್ನೂ ಅನುಮತಿಸು' ಒತ್ತುವ ಅವಸರ ಬೇಡ. ನಿದ್ದೆ, ಋತುಚಕ್ರದ ವಿವರ ಕ್ಯಾಲೊರಿ ಆ್ಯಪ್‌ಗೆ ಯಾಕೆ ಬೇಕು, ಅಲ್ವಾ? ಹೆಜ್ಜೆ, ವ್ಯಾಯಾಮ, ಕ್ಯಾಲೊರಿ ಇಷ್ಟು ಕೊಟ್ಟರೆ ಸಾಕು.

ಐಫೋನಿನಲ್ಲಿ ಹೆಲ್ತ್ ಆ್ಯಪ್ ತೆರೆದು, ಮೇಲಿರುವ ನಿಮ್ಮ ಚಿತ್ರ ಒತ್ತಿ, 'ಆ್ಯಪ್ಸ್' ಒಳಗೆ ಕ್ಯಾಲೊರಿ ಆ್ಯಪ್ ಆರಿಸಿ, ಹೆಜ್ಜೆಗಳನ್ನು ಆನ್ ಮಾಡಿ. ಒಂದು ವಿಷಯ ನೆನಪಿರಲಿ. ಫೋನ್ ಲಾಕ್ ಆಗಿದ್ದಾಗ ಬೇರೆ ಆ್ಯಪ್‌ಗಳಿಗೆ ಹೆಲ್ತ್‌ನ ಮಾಹಿತಿ ಓದಲು ಆಗುವುದಿಲ್ಲ. ವಾಕಿಂಗ್ ಮುಗಿಸಿ ಬಂದ ಕೂಡಲೇ ಸಂಖ್ಯೆ ಹಳೆಯದೇ ಇದ್ದರೆ ಗಾಬರಿ ಬೇಡ. ಫೋನ್ ಅನ್‌ಲಾಕ್ ಮಾಡಿ ಆ್ಯಪ್ ತೆರೆದಿಟ್ಟು ಸ್ವಲ್ಪ ಕಾಯಿರಿ.

ಕೊನೆಗೆ ಕ್ಯಾಲೊರಿ ಆ್ಯಪ್‌ನಲ್ಲಿ ಹೆಜ್ಜೆಯ ಮೂಲ ಯಾವುದು ಎಂದು ಆರಿಸಿ. ಮೈಫಿಟ್ನೆಸ್‌ಪಾಲ್ ಒಂದು ಸಲಕ್ಕೆ ಒಂದೇ ಮೂಲ ಒಪ್ಪುತ್ತದೆ. ನನ್ನ ಪ್ರಕಾರ ಇದು ಒಳ್ಳೆಯದೇ. ಜೇಬಿನ ಫೋನೂ ಹೆಜ್ಜೆ ಎಣಿಸುತ್ತದೆ, ಕೈಯ ವಾಚೂ ಎಣಿಸುತ್ತದೆ. ಎರಡೂ ಸೇರಿಬಿಟ್ಟರೆ ನೀವು ನಡೆದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಐಫೋನಿನಲ್ಲಿ ಹೆಜ್ಜೆಗಳ ಪುಟದ ಕೆಳಗೆ 'ಡೇಟಾ ಸೋರ್ಸಸ್' ಇದೆ. ಅಲ್ಲಿ ವಾಚನ್ನು ಪಟ್ಟಿಯ ಮೇಲಕ್ಕೆ ಎಳೆದಿಡಿ. ಹೆಲ್ತ್ ಕನೆಕ್ಟ್‌ನಲ್ಲೂ ಹೀಗೆ ಯಾವುದು ಮೊದಲು ಎಂದು ಹೇಳುವ ಜಾಗ ಇದೆ.

ಗೂಗಲ್‌ನ ಹಳೆಯ ಆರೋಗ್ಯ ಆ್ಯಪ್ ಆದ ಗೂಗಲ್ ಫಿಟ್ ಜೋಡಿಸಿ ಎಂದು ಹೇಳುವ ಹಳೆಯ ಸಲಹೆಗಳು ಇನ್ನೂ ಸಿಗುತ್ತವೆ. ಆ ದಾರಿ ಮುಚ್ಚುತ್ತಿದೆ. 2024ರ ಮೇ ತಿಂಗಳಿಂದ ಹೊಸ ಆ್ಯಪ್‌ಗಳಿಗೆ ಅದರಲ್ಲಿ ಪ್ರವೇಶವಿಲ್ಲ. ಸುಮ್ನೆ ಸಮಯ ಹಾಳು ಮಾಡಿಕೊಳ್ಳಬೇಡಿ.

ಎರಡು ದಿನ ಸರಿಯಾಗಿ ಬಂದು ಆಮೇಲೆ ನಿಂತಿತೇ? ಬಹುಶಃ ಬ್ಯಾಟರಿ ಉಳಿಸುವ ಆಸೆಗೆ ಫೋನೇ ವಾಚ್ ಆ್ಯಪ್ ಅನ್ನು ಹಿನ್ನೆಲೆಯಲ್ಲಿ ಮುಚ್ಚುತ್ತಿದೆ. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ವಿನಾಯಿತಿ ಕೊಡಿ. ಇನ್ನು, ಹೆಲ್ತ್ ಕನೆಕ್ಟ್‌ನಲ್ಲಿ ಆ್ಯಪ್‌ಗೆ ಸಾಮಾನ್ಯವಾಗಿ ಸಿಗುವುದು ಅನುಮತಿ ಕೊಟ್ಟ ದಿನಕ್ಕಿಂತ 30 ದಿನ ಹಿಂದಿನವರೆಗಿನ ಲೆಕ್ಕ ಮಾತ್ರ. ಕಳೆದ ವರ್ಷದ ಹೆಜ್ಜೆಗಳಿಗಾಗಿ ಕಾದು ಕೂರಬೇಡಿ.

ಈಗ ಹೆಜ್ಜೆ ಬಂತು. ಅದರ ಜೊತೆ ಕ್ಯಾಲೊರಿ ಹೊಂದಾಣಿಕೆ ಎಂಬ ಇನ್ನೊಂದು ಸಂಖ್ಯೆಯೂ ಬರುತ್ತದೆ. ನೀವು ಮೊದಲು ಕೊಟ್ಟ ತೂಕ, ಎತ್ತರ, ಚಟುವಟಿಕೆಯ ಮಟ್ಟ ನೋಡಿ ಆ್ಯಪ್ ದಿನಕ್ಕೆ 2,000 ಕ್ಯಾಲೊರಿ ಖರ್ಚು ಎಂದು ಅಂದಾಜು ಮಾಡಿರುತ್ತದೆ ಎಂದುಕೊಳ್ಳಿ. ವಾಚಿನ ಲೆಕ್ಕ 2,300 ಆದರೆ, 300 ಹೆಚ್ಚುವರಿ ಎಂದು ತೋರಿಸುತ್ತದೆ. ಅದೇ ವಾಕಿಂಗನ್ನು ನೀವು ಕೈಯಾರೆ ಮತ್ತೆ ಬರೆದರೆ ಎರಡು ಸಲ ಲೆಕ್ಕವಾಗುವ ಅಪಾಯ ಇದೆ. ಚಟುವಟಿಕೆಯ ಮಟ್ಟವನ್ನು ನಿಜಕ್ಕಿಂತ ಮೇಲೆ ಇಟ್ಟಿದ್ದರೆ ಹೆಚ್ಚುವರಿ ಬರುವುದೇ ಕಡಿಮೆಯಾಗುತ್ತದೆ. ಆಗ ಸಿಂಕ್ ಕೆಟ್ಟಿದೆ ಅನ್ನಿಸುತ್ತದೆ, ಆದರೆ ಕೆಟ್ಟಿರುವುದಿಲ್ಲ.

ಆ 300 ಸಿಕ್ಕಿತೆಂದು ಪೂರ್ತಿ ತಿಂದುಬಿಡುವುದು ಬೇಡ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದ್ದರು. ಎದೆಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ನಿಖರವಾದದ್ದೂ ಸರಾಸರಿ 27 ಶೇಕಡಾ ತಪ್ಪಿತ್ತು. ಅಂದಿನಿಂದ ವಾಚುಗಳು ಬದಲಾಗಿವೆ, ಆದರೂ ಕ್ಯಾಲೊರಿ ಇಂದಿಗೂ ಅಂದಾಜೇ. ಹೆಚ್ಚುವರಿಯಲ್ಲಿ ಅರ್ಧವನ್ನಷ್ಟೇ ನಂಬುವುದು ನನಗೆ ಸರಿ ಕಾಣುತ್ತದೆ.

ಹೆಜ್ಜೆಯ ಎಣಿಕೆಯೂ ಕೆಲವೊಮ್ಮೆ ತಪ್ಪುತ್ತದೆ. ವಾಚ್ ಗಮನಿಸುವುದು ಕೈಯ ಅಲುಗಾಟವನ್ನು. ಮಗುವಿನ ಗಾಡಿಯನ್ನೋ ಅಂಗಡಿಯ ಟ್ರಾಲಿಯನ್ನೋ ತಳ್ಳುತ್ತಾ ನಡೆದರೆ ಕೈ ಅಲುಗುವುದಿಲ್ಲ, ಹೆಜ್ಜೆ ಬಿಟ್ಟುಹೋಗುತ್ತದೆ. ಅಂಥ ದಿನ ಫೋನನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು, ಆ್ಯಪ್‌ನಲ್ಲಿ ಹೆಜ್ಜೆಯ ಮೂಲವನ್ನು ಫೋನಿಗೆ ಬದಲಿಸಿಕೊಳ್ಳಬಹುದು.