ಆ್ಯಕ್ಷನ್ ಕಂತು, ನಗೆಚಿತ್ರದ ಎರಡನೇ ಭಾಗ: ಅಭಿಪ್ರಾಯ ಬರೆಯುವ ಮುನ್ನ ನೋಡುವುದು ಹೇಗೆ

‘ಫೈಟ್ ಸೂಪರ್’, ‘ಫಸ್ಟ್ ಪಾರ್ಟಿನಷ್ಟು ಚೆನ್ನಾಗಿಲ್ಲ’ ಎಂದು ಬರೆದರೆ ಓದುವವರ ಕೈಗೆ ಏನೂ ಹತ್ತುವುದಿಲ್ಲ. ಯಾವ ದೃಶ್ಯ, ಯಾಕೆ ಎಂದು ಬೆರಳಿಟ್ಟು ತೋರಿಸಬೇಕು. ಉದಾಹರಣೆಗೆ ಅಮೆರಿಕದ ಎರಡು ಹಳೆಯ ಸರಕನ್ನು ತೆಗೆದುಕೊಳ್ಳೋಣ: 2001ರ ನವೆಂಬರ್‌ನಲ್ಲಿ ಫಾಕ್ಸ್ ವಾಹಿನಿಯಲ್ಲಿ ಶುರುವಾದ ‘24’ ಎಂಬ ಆ್ಯಕ್ಷನ್ ಧಾರಾವಾಹಿ, ಮತ್ತು ಮನೆಯವರಿಂದ ಬೇರ್ಪಟ್ಟ ಹುಡುಗನೊಬ್ಬ ಕಳ್ಳರನ್ನು ಎದುರಿಸುವ 1990, 1992ರ ‘ಹೋಮ್ ಅಲೋನ್’ ನಗೆಚಿತ್ರಗಳ ಜೋಡಿ.

ಮೊದಲು ಟಿವಿಯ ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿದೆ, ಸ್ವಲ್ಪ ಹುಡುಕಬೇಕಾಗುತ್ತದೆ. ಸೆಕೆಂಡಿಗೆ 24 ಫ್ರೇಮ್‌ನ ದೃಶ್ಯದ ನಡುವೆ ಟಿವಿ ತನ್ನದೇ ಫ್ರೇಮ್ ತುರುಕಿದರೆ ಗುದ್ದಿನ ಬಿರುಸೇ ಹೋಗುತ್ತದೆ. ಬೈಗುಳ ಮಾತ್ರ ನಿರ್ದೇಶಕನ ಪಾಲಿಗೆ. ರೀಕ್ಯಾಪ್ ಸ್ಕಿಪ್ ಮಾಡಬೇಡಿ. ಹಿಂದಿನ ಕಂತುಗಳ ಯಾವ ತುಣುಕನ್ನು ಆರಿಸಿದ್ದಾರೆ ಎಂಬುದರಲ್ಲೇ ಇವತ್ತು ಯಾವ ಎಳೆ ಮುಂದಕ್ಕೆ ಬರಲಿದೆ ಎಂಬ ಸುಳಿವಿರುತ್ತದೆ.

ಒಂದು ಸಲ ಸುಮ್ಮನೆ ನೋಡಿ. ಎರಡನೇ ಸಲ ಹಾಳೆಯಲ್ಲಿ ಮೂರು ಕಾಲಂ ಹಾಕಿಕೊಳ್ಳಿ: ನಿಮಿಷ, ಏನಾಯಿತು, ಅದರಿಂದ ಏನು ಬದಲಾಯಿತು. ಇಡೀ ಆಟ ಇರುವುದು ಮೂರನೆಯದರಲ್ಲಿ. ಐದು ನಿಮಿಷದ ಚೇಸ್ ಮುಗಿದ ಮೇಲೂ ಆ ಕಾಲಂ ಖಾಲಿ ಇದ್ದರೆ ಅದು ಹೊತ್ತು ತುಂಬಿಸಲು ಹಾಕಿದ ಚೇಸ್, ಎಷ್ಟು ಕಾರು ಪಲ್ಟಿ ಹೊಡೆದರೂ ಅಷ್ಟೇ.

‘24’ರ ಕಟ್ಟುಪಾಡು ಎಲ್ಲರಿಗೂ ಗೊತ್ತು: ಒಂದು ಸೀಸನ್ ಅಂದರೆ ಒಂದು ದಿನ, ಒಂದು ಕಂತು ಅಂದರೆ ಒಂದು ಗಂಟೆ. ಆದರೆ ಜಾಹೀರಾತು ತೆಗೆದ ಕಂತು ಮುಕ್ಕಾಲು ಗಂಟೆಯೂ ಇರುವುದಿಲ್ಲ. ಬ್ರೇಕಿನಲ್ಲೂ ಕಥೆಯ ಗಡಿಯಾರ ಓಡುತ್ತಲೇ ಇರುತ್ತದೆ, ಹಾಗಾಗಿ ಈಗ ಜಾಹೀರಾತಿಲ್ಲದೆ ನೋಡುವವರಿಗೆ ಗಡಿಯಾರ ಒಮ್ಮೆಲೇ ಕೆಲವು ನಿಮಿಷ ಮುಂದಕ್ಕೆ ಹಾರಿದಂತೆ ಕಾಣುತ್ತದೆ. ಇದನ್ನು ತಪ್ಪು ಎಂದು ಬರೆದು ನಗೆಪಾಟಲಾಗಬೇಡಿ. ಪ್ರತಿ ಬ್ರೇಕಿನ ಎರಡೂ ಕಡೆ ಗಡಿಯಾರದ ಹೊತ್ತನ್ನೂ ಯಾರು ಎಲ್ಲಿದ್ದರು ಎಂಬುದನ್ನೂ ಬರೆದುಕೊಳ್ಳಿ. ಲಾಸ್ ಏಂಜಲೀಸ್ ಟ್ರಾಫಿಕ್‌ನಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ನಾಲ್ಕೇ ನಿಮಿಷದಲ್ಲಿ ಮುಟ್ಟಿದ್ದರೆ, ಆಕ್ಷೇಪ ಎತ್ತಬೇಕಾದ ಜಾಗ ಅದು.

ಒಂದು ಕಂತನ್ನು ತೂಗುವಾಗ ಅದು ಸೀಸನ್ನಿನ ಎಷ್ಟನೆಯದು ಎಂದೂ ನೋಡಿ. ಮೊದಲ ಸೀಸನ್ನಿಗೆ ಆರಂಭದಲ್ಲಿ ಒಪ್ಪಿಗೆ ಸಿಕ್ಕಿದ್ದು 13 ಕಂತಿಗೆ. ಅದಕ್ಕೇ ನಾಯಕನ ಹೆಂಡತಿ, ಮಗಳ ಅಪಹರಣದ ಕಥೆ 13ರ ಹೊತ್ತಿಗೆ ಒಂದು ದಡ ಸೇರುತ್ತದೆ, ಆಮೇಲೆ ಹೊಸದಾಗಿ ಬಂಡಿ ಹೂಡಬೇಕಾಗುತ್ತದೆ. ನಾಯಕನ ಹೆಂಡತಿಗೆ ದಿಢೀರನೆ ನೆನಪು ಹೋಗುವ ಪ್ರಸಂಗ ಬರುವುದು ಅಲ್ಲೇ, ಎಳೆದದ್ದು ಎದ್ದು ಕಾಣುತ್ತದೆ. 2013ರಲ್ಲಿ ಇದನ್ನು ಹಿಂದಿಗೆ ತಂದವರು ಅನಿಲ್ ಕಪೂರ್ (ನಮಗೆ ಅವರು ಇನ್ನೂ 1983ರ ‘ಪಲ್ಲವಿ ಅನುಪಲ್ಲವಿ’ಯ ಹುಡುಗ). ಅದನ್ನು ರೀಮೇಕ್ ಎಂದೇ ನೋಡಿ. ಸೀಕ್ವೆಲ್‌ಗೆ ಕೇಳುವ ಪ್ರಶ್ನೆಗಳನ್ನು ಅದಕ್ಕೆ ಕೇಳಿ ಉಪಯೋಗವಿಲ್ಲ.

ಫೈಟ್ ಪರೀಕ್ಷೆಗೆ ಜಾಸ್ತಿ ಹೊತ್ತು ಬೇಡ. ದೃಶ್ಯ ನಿಲ್ಲಿಸಿ ಆ ಕೋಣೆಯ ನಕ್ಷೆ ಬರೆಯಿರಿ: ಬಾಗಿಲೆಲ್ಲಿ, ಯಾರು ಯಾವ ಕಡೆ. ಬರೆಯಲು ಬಾರದಿದ್ದರೆ ಹತ್ತು ಸೆಕೆಂಡಿನಲ್ಲಿ ಎಷ್ಟು ಕಟ್ ಇವೆ ಎಂದು ಎಣಿಸಿ. ಏಟು ತಗಲುವ ಕ್ಷಣದಲ್ಲೇ ಪ್ರತಿ ಸಲ ಕಟ್ ಬೀಳುತ್ತಿದ್ದರೆ, ಮುಖ ತೋರಿಸದೆ ಬೆನ್ನನ್ನೇ ತೋರಿಸುತ್ತಿದ್ದರೆ, ಡ್ಯೂಪನ್ನೋ ದುರ್ಬಲ ಸ್ಟಂಟನ್ನೋ ಮುಚ್ಚುತ್ತಿದ್ದಾರೆ ಎಂದು ಅನುಮಾನಿಸಬಹುದು. ಗಾಯವಾದ ಕಾಲು ಮುಂದಿನ ದೃಶ್ಯದಲ್ಲಿ ಕುಂಟುತ್ತದೆಯೇ ಎಂದೂ ನೋಡಿ.

ನಗೆಚಿತ್ರದ ಎರಡನೇ ಭಾಗಕ್ಕೆ ಹಾಳೆ ಬೇರೆ. ಮೊದಲ ಚಿತ್ರವನ್ನು ಅದೇ ವಾರ ಇನ್ನೊಮ್ಮೆ ನೋಡಿ. ಹಳೆಯ ನೆನಪು ಅದನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿಟ್ಟಿರುತ್ತದೆ. ಎಡಕ್ಕೆ ಮೊದಲನೆಯದರ ಘಟನೆ, ಬಲಕ್ಕೆ ಎರಡನೆಯದರಲ್ಲಿ ಅದರ ಜೋಡಿ. ‘ಹೋಮ್ ಅಲೋನ್’ ಜೋಡಿಯಲ್ಲಿ ಬೆಳಗ್ಗೆ ಅಲಾರಂ ಕೈಕೊಡುವುದು ಎರಡರಲ್ಲೂ ಇದೆ. ಭಯ ಹುಟ್ಟಿಸಿ ಕೊನೆಗೆ ಸ್ನೇಹಿತರಾಗುವ ಒಂಟಿ ಜೀವವೂ ಎರಡರಲ್ಲಿದೆ: ಮೊದಲು ಪಕ್ಕದ ಮನೆಯ ಮುದುಕ, ಆಮೇಲೆ ಪಾರಿವಾಳಗಳ ಹೆಂಗಸು. ವೇಷ ಬದಲಾಗಿದೆ, ಕೆಲಸ ಅದೇ. ಇಂಥ ಜೋಡಿಗೆ ಅಂಕ ಕಡಿಮೆ ಕೊಡಿ.

ಪೇಂಟ್ ಡಬ್ಬಿಗೆ ಮಾತ್ರ ಪೂರ್ತಿ ಅಂಕ. ಮೊದಲ ಚಿತ್ರದಲ್ಲಿ ಹಗ್ಗಕ್ಕೆ ಕಟ್ಟಿದ ಡಬ್ಬಿ ಕಳ್ಳರ ಮುಖಕ್ಕೆ ಬಡಿಯುತ್ತದೆ. ಎರಡನೆಯದರಲ್ಲಿ ಮತ್ತೆ ಡಬ್ಬಿ ಬರುತ್ತದೆ, ಪಾಠ ಕಲಿತ ಕಳ್ಳರು ತಪ್ಪಿಸಿಕೊಳ್ಳುತ್ತಾರೆ, ಗೆದ್ದೆವೆಂದು ನಿಂತಾಗ ದಪ್ಪ ಪೈಪ್ ಬಂದು ಬಡಿಯುತ್ತದೆ. ನೋಡುವವರ ನೆನಪನ್ನೇ ಬಂಡವಾಳ ಮಾಡಿಕೊಂಡ ನಗೆ ಇದು. ನಿಮ್ಮ ಬರಹದಲ್ಲಿ ಇಂಥದ್ದು ಒಂದಾದರೂ ಬಿಡಿಸಿ ಹೇಳಿರಬೇಕು.

ಇನ್ನು ಕಾರಣದ ಲೆಕ್ಕ. ಮೊದಲನೆಯದರಲ್ಲಿ ಹುಡುಗ ಕೆವಿನ್ ಕಾಯುವುದು ತನ್ನ ಮನೆಯನ್ನು. ಎರಡನೆಯದರಲ್ಲಿ ರಿಪೇರಿ ನಡೆಯುತ್ತಿರುವ ಚಿಕ್ಕಪ್ಪನ ಖಾಲಿ ಮನೆಗೆ ಕಳ್ಳರನ್ನು ತಾನೇ ಕರೆತರುತ್ತಾನೆ. ಮೇಲಿಂದ ಬೀಳುವ ಇಟ್ಟಿಗೆಗಳು ನಗೆಗಿಂತ ಕ್ರೂರವಾಗಿ ಕಾಣಲು ಅರ್ಧ ಕಾರಣ ಇದು: ಕಾಪಾಡಿಕೊಳ್ಳುವವನು ಬೇಟೆಗಾರನಾಗಿದ್ದಾನೆ. 1997ರ ಮೂರನೇ ಭಾಗದಲ್ಲಿ ಬರೆದವರು ಮೊದಲೆರಡನ್ನು ಬರೆದ ಜಾನ್ ಹ್ಯೂಸ್ ಅವರೇ ಆದರೂ ಹುಡುಗ, ಕುಟುಂಬ, ಕಳ್ಳರು ಎಲ್ಲರೂ ಬೇರೆ. ಅದನ್ನು ಪ್ರತ್ಯೇಕ ಚಿತ್ರವಾಗಿಯೇ ತೂಗಿ.

ಬರೆಯುವಾಗ ಮುನ್ನೂರು ಪದ ಸಾಕು, ಕಥೆಗೆ ಅದರಲ್ಲಿ ಮೂರು ಸಾಲು. ತಿರುವು ಹೇಳಲೇಬೇಕಿದ್ದರೆ ಮೊದಲೇ ‘ಮುಂದೆ ಸ್ಪಾಯ್ಲರ್ ಇದೆ’ ಎಂದು ಹಾಕಿ. ‘24’ರ ಮೊದಲ ಸೀಸನ್ನಿನ ಕೊನೆಯನ್ನು ಇವತ್ತಿಗೂ ಬಾಯಿಬಿಡಬಾರದು. ನಗೆಚಿತ್ರವಾದರೆ ಮಕ್ಕಳ ಜೊತೆ ಕೂತು ನೋಡಿ, ಅವರು ಎಲ್ಲಿ ನಕ್ಕರು, ನೀವು ಎಲ್ಲಿ ನಕ್ಕಿರಿ ಎಂಬುದನ್ನು ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಗುರುತಿಸಿ. ಎಷ್ಟು ವರ್ಷದ ಮಗು ಯಾವ ದೃಶ್ಯಕ್ಕೆ ಹೆದರಿತು ಎಂಬ ಒಂದು ಸಾಲನ್ನೂ ಸೇರಿಸಿ. ಅಪ್ಪ ಅಮ್ಮಂದಿರು ಸ್ಟಾರ್ ರೇಟಿಂಗ್‌ಗಿಂತ ಮೊದಲು ಹುಡುಕುವುದು ಆ ಸಾಲನ್ನೇ.