ಅಪ್‌ಲೋಡ್ ಬಟನ್ ಒತ್ತುವುದು ಕಡೆಯ ಕೆಲಸ

ಶಿರಸಿ ಹತ್ತಿರದ ಹಳ್ಳಿಯೊಂದರಲ್ಲಿ ಅಡಿಕೆ ಸುಲಿಯುವವರ ಮೇಲೆ 20 ನಿಮಿಷದ ಕಿರುಚಿತ್ರ ಮಾಡಿದ್ದೆ. ಎಡಿಟಿಂಗ್ ಮುಗಿದಾಗ ರಾತ್ರಿ ಎರಡು ಗಂಟೆ. ತಡೆದುಕೊಳ್ಳಲಾಗದೆ ಆಗಲೇ ಯೂಟ್ಯೂಬಿಗೆ ಏರಿಸಿಬಿಟ್ಟೆ. ಬೆಳಿಗ್ಗೆ ನೋಡಿದರೆ ಹನ್ನೊಂದು ವೀಕ್ಷಣೆ, ಅದರಲ್ಲಿ ನಾಲ್ಕು ನನ್ನವೇ. ತಿಂಗಳಾದ ಮೇಲೆ ಒಂದು ಚಿತ್ರೋತ್ಸವಕ್ಕೆ ಕಳಿಸಿದೆ. ‘ಆಗಲೇ ಆನ್‌ಲೈನಿನಲ್ಲಿ ಬಂದಿದೆಯಲ್ಲ’ ಎಂದು ತಿರುಗಿ ಬಂತು. ಕಾರವಾರ, ಕುಮಟಾ, ಹೊನ್ನಾವರದ ಕಡೆ ಕ್ಯಾಮೆರಾ ಹಿಡಿದು ಓಡಾಡುವ ಹುಡುಗ ಹುಡುಗಿಯರು ಇದೇ ಹೊಂಡಕ್ಕೆ ಬೀಳಬಾರದೆಂದು ಈ ಬರಹ.

ಮೊದಲು ಚಿತ್ರೋತ್ಸವದ ಲೆಕ್ಕ ಮುಗಿಸಿ. ಎಷ್ಟೋ ಉತ್ಸವಗಳು ಸಾರ್ವಜನಿಕವಾಗಿ ಬಿಡುಗಡೆಯಾದ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಪ್ರತಿ ಉತ್ಸವದ ನಿಯಮ ಓದಿಯೇ ಕಳಿಸಿ. ಆಯ್ಕೆಗಾರರಿಗೆ ತೋರಿಸಲು ‘ಅನ್‌ಲಿಸ್ಟೆಡ್’ ಎಂದು ಏರಿಸಿದರೆ ಸಾಕು. ಲಿಂಕ್ ಇದ್ದವರಿಗಷ್ಟೇ ಅದು ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಆದರೆ ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು. ಹಾಗಾಗಿ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ನಮ್ಮ ಕಡೆ ಲಿಂಕ್ ಒಂದು ಗುಂಪಿಗೆ ಬಿದ್ದರೆ ಸಂಜೆಯೊಳಗೆ ಊರೆಲ್ಲ ಸುತ್ತಿರುತ್ತದೆ.

ಎರಡನೆಯದು ಹಕ್ಕಿನ ವಿಚಾರ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ನನ್ನ ಚಿತ್ರದಲ್ಲಿ ಜಾತ್ರೆಯ ಒಂದು ಶಾಟ್ ಇತ್ತು. ತೊಟ್ಟಿಲು ಮೇಲೇರುವಾಗ ಹಿಂದಿನ ಅಂಗಡಿಯ ಮೈಕಿನಲ್ಲಿ ಹಳೆಯ ಸಿನಿಮಾ ಹಾಡು. ನನ್ನ ಕಿವಿಗೆ ಅದು ಗದ್ದಲದಲ್ಲೊಂದು ಗದ್ದಲ ಅಷ್ಟೆ, ಬೇರೆಯವರ ಹಕ್ಕಿನ ಹಾಡು, ದೃಶ್ಯಗಳನ್ನು ತಾನಾಗಿ ಪತ್ತೆಹಚ್ಚುವ ಯೂಟ್ಯೂಬಿನ ‘ಕಂಟೆಂಟ್ ಐಡಿ’ಗೆ ಹಾಗಲ್ಲ. ಹಕ್ಕುದಾರರ ಹೆಸರಿನಲ್ಲಿ ಕ್ಲೇಮ್ ಬಂತು. ಹಾಗಾದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೊವೇ ನಿಲ್ಲುತ್ತದೆ. ಕಡೆಗೆ ಆ ಶಾಟಿನ ಧ್ವನಿ ಕಿತ್ತುಹಾಕಿ, ಮತ್ತೊಂದು ಸಂಜೆ ತೋಟದಂಚಿನಲ್ಲಿ ಕೂತು ಜೀರುಂಡೆ ಸದ್ದು, ಮೆಟ್ಟುಗತ್ತಿಗೆ ಅಡಿಕೆ ಒತ್ತುವಾಗಿನ ಚಟಕ್ ಸದ್ದು ರೆಕಾರ್ಡ್ ಮಾಡಿಕೊಂಡು ಬಂದೆ. ಸಿನಿಮಾ ಮೊದಲಿಗಿಂತ ಚೆನ್ನಾಯಿತು, ಅದು ಬೇರೆ ಮಾತು. ಯಕ್ಷಗಾನದ ಪದ್ಯ, ಚಂಡೆ ಬಳಸುವುದಿದ್ದರೆ ಭಾಗವತರಿಂದಲೂ ಮೇಳದವರಿಂದಲೂ ಒಪ್ಪಿಗೆ ಬರೆಸಿಕೊಳ್ಳಿ. ‘ನಮ್ಮವರೇ ಅಲ್ದಾ’ ಎನ್ನುವ ಮಾತು ಆಮೇಲೆ ಕೈಹಿಡಿಯುವುದಿಲ್ಲ. ಕಾರವಾರದ ನೌಕಾನೆಲೆ, ಕೈಗಾ ಸುತ್ತಮುತ್ತ ಡ್ರೋನ್ ಹಾರಿಸುವ ಆಸೆಯನ್ನಂತೂ ಬಿಟ್ಟುಬಿಡಿ.

ಸೆನ್ಸಾರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಚಿತ್ರಮಂದಿರದಲ್ಲಿ ತೋರಿಸಲು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಪ್ರಮಾಣಪತ್ರ ಬೇಕು. ಯೂಟ್ಯೂಬಿಗೆ ಏರಿಸಲು ಬೇಡ.

ಇನ್ನು ಫೈಲು. ಫೋನ್ ನಂಬರ್ ಕೊಟ್ಟು ಖಾತೆ ದೃಢೀಕರಿಸದಿದ್ದರೆ 15 ನಿಮಿಷಕ್ಕಿಂತ ಉದ್ದದ ವಿಡಿಯೊ ಹೋಗುವುದಿಲ್ಲ. 1080ಪಿ ಚಿತ್ರಕ್ಕೆ ಯೂಟ್ಯೂಬ್ ಹೇಳುವುದು ಸೆಕೆಂಡಿಗೆ ಸುಮಾರು 8 ಮೆಗಾಬಿಟ್. ಹಾಗೆ ತೆಗೆದರೆ 20 ನಿಮಿಷದ ಸಿನಿಮಾ ಹತ್ತಿರ ಹತ್ತಿರ 1.2 ಜಿಬಿ ಆಗುತ್ತದೆ. ಹಳ್ಳಿಯಲ್ಲಿ ಅಪ್‌ಲೋಡ್ ವೇಗ 1 ಮೆಗಾಬಿಟ್ ಸಿಕ್ಕರೆ ಎರಡೂವರೆ ತಾಸಿಗೂ ಮೇಲೆ ಬೇಕು, ಅದೂ ಕರೆಂಟ್ ಹೋಗದಿದ್ದರೆ. ಆಷಾಢದ ಮಳೆಯಲ್ಲಿ ಈ ಸಾಹಸ ಬೇಡ, ಪೇಟೆಗೆ ಹೋಗಿ ಫೈಬರ್ ಇರುವ ಗೆಳೆಯನ ಮನೆಯಲ್ಲಿ ಕೂತು ಏರಿಸಿ. ಬಿಡುಗಡೆಗೆ ನಾಲ್ಕು ದಿನ ಮೊದಲೇ ಏರಿಸಿಟ್ಟರೆ ಕ್ಲೇಮ್ ಏನಾದರೂ ಬಂದರೂ ಸರಿಪಡಿಸಲು ಹೊತ್ತಿರುತ್ತದೆ.

ಸಬ್‌ಟೈಟಲ್ ಕಡ್ಡಾಯ ಎಂದೇ ತಿಳಿಯಿರಿ. ಹವ್ಯಕ ಮಾತು ಮೈಸೂರಿನವರಿಗೆ ಪೂರ್ತಿ ಅರ್ಥವಾಗುವುದಿಲ್ಲ, ಕಾರವಾರದ ಕೊಂಕಣಿಯಂತೂ ಇನ್ನೂ ದೂರ. ಕನ್ನಡಕ್ಕೊಂದು, ಇಂಗ್ಲಿಷಿಗೊಂದು, ಮಾತಿನ ಜೊತೆ ಅದು ಬರುವ ಹೊತ್ತನ್ನೂ ಬರೆದಿಡುವ ಎಸ್‌ಆರ್‌ಟಿ ಫೈಲ್ ಮಾಡಿ ಬೇರೆಯಾಗಿ ಸೇರಿಸಿ. ಚಿತ್ರದ ಮೇಲೇ ಅಚ್ಚೊತ್ತಿದರೆ ಒಂದು ಕಾಗುಣಿತದ ತಪ್ಪು ತಿದ್ದಲು ಇಡೀ ಸಿನಿಮಾ ಮತ್ತೆ ಏರಿಸಬೇಕಾಗುತ್ತದೆ. ಥಂಬ್‌ನೇಲ್ 1280 × 720ರ ಅಳತೆಯಲ್ಲಿರಲಿ. ಒಂದೇ ಮುಖ, ಮೂರ್ನಾಲ್ಕು ಪದ ಸಾಕು. ಕಡಲ ಸೂರ್ಯಾಸ್ತ ಹಾಕಬೇಡಿ, ಅದು ಎಲ್ಲರಲ್ಲೂ ಇದೆ.

ಈಗ ಪ್ರಚಾರ. ಎರಡು ವಾರ ಮೊದಲೇ 30–40 ಸೆಕೆಂಡಿನ ಮೂರು ನಾಲ್ಕು ಲಂಬ (ವರ್ಟಿಕಲ್) ತುಣುಕು ಮಾಡಿ ರೀಲ್ಸ್, ಶಾರ್ಟ್ಸ್ ಎರಡರಲ್ಲೂ ಬಿಡಿ. ಶಾರ್ಟ್ಸ್ ವಿವರಣೆಯಲ್ಲಿ ಕೊಟ್ಟ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಸಿನಿಮಾ ಬಂದ ದಿನ ಅದನ್ನು ಪ್ರತಿ ಶಾರ್ಟ್ಸಿಗೂ ‘ಸಂಬಂಧಿತ ವಿಡಿಯೊ’ ಎಂದು ಜೋಡಿಸಬೇಕು. ಬಿಡುಗಡೆಗೆ ‘ಪ್ರೀಮಿಯರ್’ ಆರಿಸಿಕೊಳ್ಳಿ. ಎಲ್ಲರೂ ಒಂದೇ ಹೊತ್ತಿಗೆ ನೋಡುತ್ತ, ಪಕ್ಕದಲ್ಲಿ ಹರಟುತ್ತ ಕೂರಬಹುದು. ಗಂಟೆ ಮಾತ್ರ ಯೋಚಿಸಿ ಇಡಿ. ನಮ್ಮ ಜಿಲ್ಲೆಯ ಅರ್ಧ ಪ್ರೇಕ್ಷಕರು ಬೆಂಗಳೂರು, ಮುಂಬೈ, ದುಬೈಗಳಲ್ಲಿದ್ದಾರೆ ಎಂಬುದು ನನ್ನ ಅಂದಾಜು. ಇಲ್ಲಿ ರಾತ್ರಿ ಒಂಬತ್ತಾದರೆ ದುಬೈಯಲ್ಲಿ ಏಳೂವರೆ, ಎಲ್ಲರಿಗೂ ಹೊಂದುತ್ತದೆ. ವಾಟ್ಸ್‌ಆ್ಯಪಿನಲ್ಲಿ ಫೈಲ್ ಕಳಿಸದೆ ಲಿಂಕ್ ಕಳಿಸಿ. ಫೈಲಿನಲ್ಲಿ ನೋಡಿದವರು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ, ಚಿತ್ರವೂ ಮಸುಕಾಗುತ್ತದೆ.

ದುಡ್ಡಿನ ಆಸೆ ಸದ್ಯಕ್ಕೆ ಬದಿಗಿಡಿ. ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು, ಜೊತೆಗೆ ವರ್ಷದೊಳಗೆ 4,000 ತಾಸಿನ ವೀಕ್ಷಣೆ ಬೇಕು (ಶಾರ್ಟ್ಸಿನ ಲೆಕ್ಕ ಬೇರೆ). 20 ನಿಮಿಷದ ಸಿನಿಮಾವನ್ನು 12,000 ಸಲ ಪೂರ್ತಿ ನೋಡಿದರೆ ಅಷ್ಟಾಗುತ್ತದೆ. ಒಂದು ಕಿರುಚಿತ್ರದಿಂದ ಆಗುವ ಕೆಲಸವಲ್ಲ. ಅದನ್ನು ನೋಡಿ ಯಾರಾದರೂ ಮುಂದಿನ ಕೆಲಸಕ್ಕೆ ಕರೆದರೆ ಅದೇ ಗಳಿಕೆ. ನನಗೆ ಒಂದು ಮದುವೆ ವಿಡಿಯೊ ಮಾತ್ರ ಸಿಕ್ಕಿತು.

ಬಿಡುಗಡೆಯಾದ ಮೇಲೆ ಯೂಟ್ಯೂಬಿನ ‘ಅನಲಿಟಿಕ್ಸ್’ ಎಂಬ ಲೆಕ್ಕದ ಪುಟದಲ್ಲಿ ಪ್ರೇಕ್ಷಕರು ಎಲ್ಲಿ ಎದ್ದು ಹೋದರೆಂಬ ಗೆರೆ ಸಿಗುತ್ತದೆ. ಚೂರು ನೋವಾದರೂ ನೋಡಿ. ಎರಡನೇ ಚಿತ್ರದ ಪ್ರೀಮಿಯರ್ ರಾತ್ರಿ ದೊಡ್ಡಾಯಿ ಹಳ್ಳಿಯಿಂದ ಫೋನ್ ಮಾಡಿದ್ದಳು: “ಅಪ್ಪೀ, ನಿನ್ನ ಸಿನಿಮಾ ಸುತ್ತತಾನೇ ಇದ್ದು, ಮುಂದೆ ಹೋಗ್ತೇ ಇಲ್ಲೆ.” ಅದು ನೆಟ್‌ವರ್ಕಿನ ತಪ್ಪು. ಆದರೆ ಗೆರೆ ನೋಡಿದರೆ ಮೊದಲ ಒಂದೂವರೆ ನಿಮಿಷದಲ್ಲೇ ಅರ್ಧ ಜನ ಖಾಲಿ. ಅಲ್ಲಿದ್ದದ್ದು ನೆಂಟರಿಷ್ಟರ ಹೆಸರಿನ ಕೃತಜ್ಞತೆಯ ಪಟ್ಟಿ. ಮೂರನೆಯದರಲ್ಲಿ ಅದನ್ನು ಕೊನೆಗೆ ಸರಿಸಿದೆ. ಹತ್ತು ದಿನ ಇಡೀ ತಂಡಕ್ಕೆ ಚಾ, ಅವಲಕ್ಕಿ ಮಾಡಿ ಹಾಕಿದ ದೊಡ್ಡಾಯಿ, ತನ್ನ ಹೆಸರು ಬರುವವರೆಗೆ 23 ನಿಮಿಷ ಕಾಯಿಸಿದೆ ಎಂದು ಇನ್ನೂ ಮುನಿಸಿಕೊಂಡಿದ್ದಾಳೆ.